ಆರನೇ ಹಲ್ಲಿನ ಲೆಕ್ಕ

ಎಚ್.ಡಿ. ಕೋಟೆ ಸೀಮೆಯ ಎನ್. ಬೇಗೂರಿನ ಹೆಸರನ್ನು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ಅರಣ್ಯ ವಲಯಕ್ಕೂ ಇಟ್ಟಿದ್ದಾರೆ. ಅಲ್ಲಿ ಓಡಾಡುವ ಆನೆಯ ದವಡೆಹಲ್ಲು ಹುಟ್ಟುವ ರೀತಿಯೇ ಬೇರೆ. ಅದು ದವಡೆಯ ಹಿಂಬದಿಯಲ್ಲಿ ಹುಟ್ಟಿ, ಹಳೆಯ ಹಲ್ಲನ್ನು ತಳ್ಳುತ್ತಾ ಮುಂದಕ್ಕೆ ಸರಿಯುತ್ತದೆ. ಸವೆದ ಹಲ್ಲು ಮುಂಬದಿಯಿಂದ ಚೂರುಚೂರಾಗಿ ಉದುರುತ್ತದೆ. ಜೀವಮಾನದಲ್ಲಿ ಇಂಥ ಆರು ಸರದಿ. ಕೊನೆಯದೂ ಸವೆದರೆ ಮುದಿ ಆನೆ ಮೇವು ಅರೆಯಲಾಗದೆ ಸೊರಗುತ್ತದೆ. ಅದೇ ಕಾಡಿನ ಜಿಂಕೆಗೂ ಕಾಟಿಗೂ ಮೇಲ್ದವಡೆಯಲ್ಲಿ ಬಾಚಿಹಲ್ಲೇ ಇಲ್ಲ. ಅಲ್ಲಿರುವುದು ಗಟ್ಟಿ ಒಸಡು ಮಾತ್ರ. ಕೆಳಗಿನ ಹಲ್ಲನ್ನು ಅದಕ್ಕೆ ಒತ್ತಿ ಹುಲ್ಲು ಕೀಳುತ್ತವೆ. ಹುಲಿಯ ದವಡೆ ಅಕ್ಕಪಕ್ಕ ಹೆಚ್ಚು ಆಡುವುದಿಲ್ಲ. ಮಾಂಸ ಕತ್ತರಿಸಲು ಮೇಲೆ ಕೆಳಗೆ ಆಡಿದರೆ ಅದಕ್ಕೆ ಸಾಕು.

ಈ ಯಾವ ಬಾಯನ್ನೂ ಯಾರೂ ವಕ್ರ ಎನ್ನುವುದಿಲ್ಲ. ಮನುಷ್ಯನ ಬಾಯಿಗೆ ಮಾತ್ರ ಸರಿ, ವಕ್ರ ಎಂಬ ಲೆಕ್ಕ ಬಂತು. ಆ ಲೆಕ್ಕವನ್ನು ಇವತ್ತಿಗೂ ಬಳಕೆಯಲ್ಲಿರುವ ರೂಪಕ್ಕೆ ತಂದವರು ಅಮೆರಿಕದ ಎಡ್ವರ್ಡ್ ಆಂಗಲ್. 1899ರಲ್ಲಿ ಅವರು ಪ್ರಕಟಿಸಿದ ವರ್ಗೀಕರಣವನ್ನು ಮೈಸೂರಿನ ದಂತ ಕಾಲೇಜುಗಳ ವಿದ್ಯಾರ್ಥಿಗಳು ಈಗಲೂ ಕಲಿಯುತ್ತಾರೆ.

ನಗುವಾಗ ಕಾಣುವುದು ಮುಂದಿನ ಹಲ್ಲು. ಆಂಗಲ್ ಅವುಗಳನ್ನು ಬಿಟ್ಟು ಕೆನ್ನೆಯ ಹಿಂದೆ ಅಡಗಿದ ಒಂದು ಹಲ್ಲನ್ನು ಆಧಾರವಾಗಿ ಹಿಡಿದರು. ಮುಖದ ನಡುಗೆರೆಯಿಂದ ಹಿಂದಕ್ಕೆ ಎಣಿಸಿದರೆ ಅದು ಆರನೆಯದು. ಹುಟ್ಟುವುದೂ ಮಗುವಿನ ಆರನೇ ವರ್ಷದ ಆಸುಪಾಸಿನಲ್ಲೇ. ಬಾಯಿ ಮುಚ್ಚಿ ಹಲ್ಲು ಕೂಡಿಸಿದಾಗ ಮೇಲಿನ ಆರನೇ ಹಲ್ಲಿನ ಹೊರಬದಿಯ ಮುಂದಿನ ಮೊನೆ, ಕೆಳಗಿನ ಆರನೇ ಹಲ್ಲಿನ ಹೊರಬದಿಯ ಗೀರಿನಲ್ಲಿ ಕೂರಬೇಕು. ಹಾಗೆ ಕೂತರೆ ಕ್ಲಾಸ್ ಒಂದು. ಕೆಳಗಿನ ಹಲ್ಲು ಇರಬೇಕಾದ ಜಾಗಕ್ಕಿಂತ ಹಿಂದಿದ್ದರೆ ಕ್ಲಾಸ್ ಎರಡು, ಮುಂದಿದ್ದರೆ ಕ್ಲಾಸ್ ಮೂರು.

ತೊಡಕು ಆ ‘ಕ್ಲಾಸ್’ ಎಂಬ ಮಾತಿನಿಂದಲೇ ಶುರುವಾಗುತ್ತದೆ. ಡಾಕ್ಟರು ಚೀಟಿಯಲ್ಲಿ ಕ್ಲಾಸ್ ಒಂದು ಎಂದು ಬರೆದರೆ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಂತೆ ಎಂದುಕೊಳ್ಳುವವರಿದ್ದಾರೆ. ಇದು ದರ್ಜೆಯಲ್ಲ, ಎರಡು ಹಲ್ಲುಗಳ ನಡುವಿನ ಸಂಬಂಧ ಅಷ್ಟೇ. ಆರನೇ ಹಲ್ಲು ಸರಿಯಾದ ಜಾಗದಲ್ಲೇ ಕೂತು, ಮುಂದೆ ಹಲ್ಲಿನ ಮೇಲೆ ಹಲ್ಲು ಬಂದು ಕೋರೆಹಲ್ಲು ಒಸಡಿನ ಮೇಲೆ ಏರಿ ನಿಂತಿರಬಹುದು. ಅದೂ ಕ್ಲಾಸ್ ಒಂದರ ವಕ್ರದಂತವೇ. ಹಲ್ಲಿನ ಮೇಲೆ ಹಲ್ಲು ಬಂದರೆ ಅದೃಷ್ಟ ಎನ್ನುತ್ತಾರಲ್ಲ, ಆ ಅದೃಷ್ಟವಂತರಲ್ಲಿ ಅನೇಕರು ಈ ಗುಂಪಿನವರು.

ಎರಡನೇ ಕ್ಲಾಸಿನಲ್ಲಿ ಎರಡು ಒಳಪಂಗಡಗಳಿವೆ. ನಾವು ಉಬ್ಬುಹಲ್ಲು ಎನ್ನುವುದು ಬಹುಪಾಲು ಮೊದಲನೆಯದು: ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಚಾಚಿ, ತುಟಿ ಕೂಡುವುದೇ ಕಷ್ಟ. ಮಗು ಬಿದ್ದರೆ ಮೊದಲು ಮುರಿಯುವುದು ಇವೇ. ಎರಡನೆಯ ಪಂಗಡ ಮೋಸಗಾರ. ನಡುವಿನ ಎರಡು ಹಲ್ಲು ಒಳಕ್ಕೆ ಬಾಗಿ ಕೆಳಗಿನ ಹಲ್ಲುಗಳನ್ನು ಮುಚ್ಚಿಬಿಡುತ್ತವೆ. ನೋಡುವವರಿಗೆ ಎಲ್ಲವೂ ಅಚ್ಚುಕಟ್ಟು. ಕೆಳಗಿನ ಹಲ್ಲು ಅಂಗುಳಕ್ಕೆ ಚುಚ್ಚುವವರೆಗೂ ಮನೆಯವರಿಗೆ ಸುಳಿವು ಸಿಗದಿರಬಹುದು. ಮೂರನೇ ಕ್ಲಾಸಿನಲ್ಲಿ ಕೆಳದವಡೆ ಮುಂದೆ ಬಂದಿರುತ್ತದೆ, ಇಲ್ಲವೇ ಮೇಲ್ದವಡೆ ಬೆಳೆಯದೆ ಹಿಂದೆ ಉಳಿದಿರುತ್ತದೆ. ಇದು ವಂಶದಲ್ಲಿ ಹರಿಯುವುದುಂಟು. ಯುರೋಪಿನ ಹ್ಯಾಬ್ಸ್‌ಬರ್ಗ್ ರಾಜಮನೆತನದ ಭಾವಚಿತ್ರಗಳಲ್ಲಿ ತಲೆಮಾರು ತಲೆಮಾರಿಗೂ ಅದೇ ಗದ್ದ.

ಆಂಗಲ್ ಲೆಕ್ಕದ ದೊಡ್ಡ ಕೊರತೆಯೆಂದರೆ ಅದು ಹಿಂದು ಮುಂದನ್ನು ಮಾತ್ರ ನೋಡುತ್ತದೆ. ಬಾಯಿಗೆ ಎತ್ತರವೂ ಇದೆ, ಅಗಲವೂ ಇದೆ. ಹಿಂದಿನ ಹಲ್ಲು ಕೂಡಿದರೂ ಮುಂದೆ ಸಂದು ಉಳಿಯುವುದುಂಟು; ಬಹಳ ವರ್ಷ ಹೆಬ್ಬೆರಳು ಚೀಪಿದ ಮಕ್ಕಳಲ್ಲಿ ಇದು ಹೆಚ್ಚು. ಇವರಿಗೆ ಕೆ.ಆರ್. ನಗರದ ಕಬ್ಬಿನ ಜಲ್ಲೆ ಕೊಟ್ಟರೆ ಮುಂದಿನ ಹಲ್ಲಿನಲ್ಲಿ ಸಿಪ್ಪೆ ಸೀಳಲಾಗದು. ಮೇಲಿನ ಸಾಲು ಕೆಳಗಿನ ಸಾಲಿನ ಹೊರಗೆ ಕೂರುವ ಬದಲು ಒಳಗೆ ಕೂತರೆ ಅದು ಅಡ್ಡಕಚ್ಚು. ಇವೆಲ್ಲ ಮೂರು ಕ್ಲಾಸಿನಲ್ಲೂ ಇರಬಹುದು. ಹಾಗಾಗಿ ಎಷ್ಟು ತುರ್ತು ಎಂದು ತೀರ್ಮಾನಿಸಲು ಬೇರೆ ಅಳತೆ ಬೇಕಾಯಿತು. 1989ರಲ್ಲಿ ಬ್ರಿಟನ್ನಿನ ಬ್ರೂಕ್ ಮತ್ತು ಶಾ ರೂಪಿಸಿದ ಅಳತೆಯಲ್ಲಿ ಐದು ದರ್ಜೆ. ಮೇಲಿನ ಬಾಚಿಹಲ್ಲು ಕೆಳಗಿನದಕ್ಕಿಂತ 2-3 ಮಿಲಿಮೀಟರ್ ಮುಂದಿರುವುದು ಸಹಜ. 6 ದಾಟಿದರೆ ನಾಲ್ಕನೇ ದರ್ಜೆ, 9 ದಾಟಿದರೆ ಐದನೆಯದು. ಕ್ಲಾಸ್ ಯಾವುದೆಂದು ಕೇಳಿ ಸುಮ್ಮನಾಗುವ ತಂದೆತಾಯಿ ಈ ದರ್ಜೆಯನ್ನೂ ಕೇಳುವುದು ಜಾಣತನ.

ಆಂಗಲ್ ಹಟದ ಮನುಷ್ಯ. ದೇವರು ಕೊಟ್ಟ ಹಲ್ಲನ್ನೆಲ್ಲ ಉಳಿಸಿಕೊಂಡೇ ಸಾಲು ಸರಿಮಾಡಬೇಕು, ಜಾಗ ಮಾಡಲು ಹಲ್ಲು ಕೀಳಬಾರದು ಎಂಬುದು ಅವರ ನಿಲುವು. ಅದನ್ನು ಒಡೆದವರಲ್ಲಿ ಅವರ ಶಿಷ್ಯರೇ ಮುಖ್ಯರು. ಅವರಲ್ಲಿ ಒಬ್ಬರಾದ ಆಸ್ಟ್ರೇಲಿಯಾದ ಬೆಗ್, ಅಲ್ಲಿನ ಮೂಲನಿವಾಸಿಗಳ ಹಲ್ಲನ್ನು ಪರೀಕ್ಷಿಸಿ ಒಂದು ವಾದ ಮುಂದಿಟ್ಟರು: ಒರಟು ಆಹಾರ ಜಗಿಯುತ್ತಿದ್ದವರ ಹಲ್ಲು ಒಂದಕ್ಕೊಂದು ತಾಗುವ ಬದಿಯಲ್ಲೂ ಸವೆದು ಜಾಗ ತಾನಾಗಿ ಒದಗುತ್ತಿತ್ತು, ಮೆತ್ತನೆ ಊಟದವರಿಗೆ ಆ ಸವೆತವಿಲ್ಲ. ಮುದ್ದೆಯನ್ನು ಜಗಿಯದೆ ನುಂಗಬೇಕು ಎನ್ನುವ ನಮ್ಮ ಸೀಮೆಯಲ್ಲಿ ಅವರು ಊಟಕ್ಕೆ ಕೂತಿದ್ದರೆ ಏನನ್ನುತ್ತಿದ್ದರೋ!

ಇನ್ನು ಆ ಆರನೇ ಹಲ್ಲಿಗೆ ಬರೋಣ. ನಮ್ಮ ಹಳ್ಳಿಗಳಲ್ಲಿ ಈ ಇಡೀ ಲೆಕ್ಕ ಕೆಡುವುದು ಅಲ್ಲೇ.

ಹಾಲುಹಲ್ಲು ಒಟ್ಟು 20, ಮೇಲೂ ಕೆಳಗೂ ಒಂದೊಂದು ಬದಿಗೆ ಐದೈದು. ಅದು ಬಿದ್ದಾಗ ಮನೆಯಲ್ಲಿ ಸಂಭ್ರಮ. ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆದು, ಹೊಸ ಹಲ್ಲು ಬಂತೇ ಎಂದು ಅಜ್ಜಿ ದಿನಾ ನೋಡುತ್ತಾಳೆ. ಆರನೆಯದಕ್ಕೆ ಈ ಭಾಗ್ಯವಿಲ್ಲ. ಅದು ಯಾವ ಹಲ್ಲನ್ನೂ ಬೀಳಿಸದೆ, ಐದು ಹಾಲುಹಲ್ಲಿನ ಹಿಂದಿನ ಖಾಲಿ ಜಾಗದಲ್ಲಿ ಸದ್ದಿಲ್ಲದೆ ಹುಟ್ಟುತ್ತದೆ. ಯಾರೂ ಎಣಿಸದ ಕಾರಣ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಅದರ ಮೇಲ್ಮೈಯಲ್ಲಿ ಆಳವಾದ ಗೀರುಗಳು. ಹೊಸ ಹಲ್ಲಿನ ಎನಾಮಲ್ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಬಿಸ್ಕತ್ತಿನ ಹಿಟ್ಟು, ಚಾಕೊಲೇಟು ಅಲ್ಲಿ ಕೂತರೆ ಹುಳುಕು ಶುರು. ‘ಬಿದ್ದು ಬೇರೆ ಬರುತ್ತೆ ಬಿಡು’ ಎನ್ನುತ್ತಾರೆ. ಬರುವುದಿಲ್ಲ. ಆ ಜಾಗಕ್ಕೆ ಅದೇ ಮೊದಲು, ಅದೇ ಕೊನೆ.

ಹತ್ತು ಹನ್ನೆರಡನೇ ವಯಸ್ಸಿಗೆ ನೋವು ತಾಳಲಾರದೆ ಕೀಳಿಸಿದರೆ, ಹಿಂದಿನ ಹಲ್ಲು ಆನೆಯ ದವಡೆಯಲ್ಲಾಗುವಂತೆ ಮುಂದಕ್ಕೆ ಬರುತ್ತದೆ. ಆದರೆ ಆನೆಯದು ನೆಟ್ಟಗೆ ಸಾಗುತ್ತದೆ, ನಮ್ಮದು ಹೆಚ್ಚಿನ ಸಲ ವಾಲಿಕೊಳ್ಳುತ್ತದೆ. ಎದುರಿನ ಹಲ್ಲು ತಡೆಯಿಲ್ಲದೆ ಇಳಿಯುತ್ತದೆ. ಆಮೇಲೆ ಕ್ಲಾಸ್ ಹೇಳಲು ಆಧಾರವೇ ಇಲ್ಲ. ಡಾಕ್ಟರು ಕೋರೆಹಲ್ಲುಗಳ ಹೊಂದಾಣಿಕೆ ನೋಡಿ ಅಂದಾಜಿಸಬೇಕು.

ಹಾಲುಹಲ್ಲು ಬೇಗ ಹೋದರೂ ತೊಂದರೆಯೇ. ಐದನೇ ಹಾಲುಹಲ್ಲು ತನ್ನ ನಂತರ ಬರುವ ಹಲ್ಲಿಗಿಂತ ಅಗಲ. ಹಾಲುಹಲ್ಲುಗಳಿಂದ ಉಳಿಯುವ ಹೆಚ್ಚುವರಿ ಜಾಗ ಕೆಳಗೆ ಒಂದೊಂದು ಬದಿಗೆ ಸುಮಾರು 1.7 ಮಿಲಿಮೀಟರ್, ಮೇಲೆ 0.9. ಕೆಳಗೆ ಹೆಚ್ಚು ಜಾಗವಿರುವುದರಿಂದ ಕೆಳಗಿನ ಆರನೆಯದು ಕೊಂಚ ಹೆಚ್ಚು ಮುಂದೆ ಸರಿದು ತನ್ನ ಗೀರನ್ನು ಮೇಲಿನ ಮೊನೆಗೆ ಒಡ್ಡುತ್ತದೆ. ಏಳು ವರ್ಷದಲ್ಲಿ ಮೊನೆಗೆ ಮೊನೆ ಎದುರಾಗಿದ್ದ ಬಾಯಿ ಹನ್ನೆರಡಕ್ಕೆ ಕ್ಲಾಸ್ ಒಂದಾಗುವುದು ಹೀಗೆ. ಹುಳುಕಿಗೆ ಐದನೆಯದು ಮೊದಲೇ ಹೋದರೆ ಆರನೆಯದು ಲೆಕ್ಕ ಮೀರಿ ನುಗ್ಗಿ, ಬರಬೇಕಾದ ಹಲ್ಲಿನ ಜಾಗ ನುಂಗುತ್ತದೆ.

ಕ್ಲಿಪ್ ಹಾಕಿಸುವುದೆಂದರೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷದ ಕೆಲಸ, ತಿಂಗಳಿಗೊಮ್ಮೆ ಹೋಗಿ ತಂತಿ ಬಿಗಿಸಿಕೊಂಡು ಬರಬೇಕು. ಕಾಡಂಚಿನ ಊರಿನ ಕೂಲಿ ಮನೆಯವರಿಗೆ ತಂತಿಯ ಬೆಲೆಯ ಜೊತೆಗೆ ಮೈಸೂರಿನ ಬಸ್ಸಿನ ಖರ್ಚು, ಪ್ರತಿ ಸಲ ಹೋಗುವ ಕೂಲಿ ಎರಡೂ ಸೇರುತ್ತವೆ. ಅದಕ್ಕಿಂತ ಆರನೇ ಹಲ್ಲು ಉಳಿಸಿಕೊಳ್ಳುವುದು ಎಷ್ಟೋ ಅಗ್ಗ. ಹುಳುಕು ಹಿಡಿಯುವ ಮೊದಲೇ ಅದರ ಗೀರುಗಳನ್ನು ಸೀಲಂಟ್ ಎಂಬ ಲೇಪದಿಂದ ಮುಚ್ಚಬಹುದು. ಸೂಜಿಯಿಲ್ಲ, ಕೊರೆಯುವುದಿಲ್ಲ, ಕೆಲವು ನಿಮಿಷದ ಕೆಲಸ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ತಪಾಸಣೆ ಮಾಡುವಾಗ ನೋಡಬೇಕಾದ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ನಿಮ್ಮ ಮನೆಯಲ್ಲಿ ಆರೇಳು ವರ್ಷದ ಮಗುವಿದ್ದರೆ ಇವತ್ತೇ ಕೈ ತೊಳೆದು ಅದರ ಕೆನ್ನೆ ಸರಿಸಿ ಎಣಿಸಿ. ಆರನೆಯದು ಬಂದಿದ್ದರೆ, ನೋವು ಬರುವ ತನಕ ಕಾಯದೆ ಶಾಲೆಗೆ ತಂಡ ಬಂದ ದಿನ ಅವರಿಗೆ ತೋರಿಸಿ, ಇಲ್ಲವೇ ಹತ್ತಿರದ ದಂತವೈದ್ಯರಲ್ಲಿಗೆ ಕರೆದೊಯ್ಯಿರಿ.