ದೇಹದ ಕೀಲುಗಳು: ಅವುಗಳ ಚಲನೆ ಮತ್ತು ಹೊಲದ ಕೆಲಸ

ಗಾಡಿಯಾಗಲಿ ಟ್ರ್ಯಾಕ್ಟರಾಗಲಿ, ಕೀಲೆಣ್ಣೆ ಕಾಣದೆ ಓಡಿದರೆ ಅಚ್ಚು ಸವೆಯುತ್ತದೆಂಬುದನ್ನು ಪ್ರತಿಯೊಬ್ಬ ರೈತನೂ ಬಲ್ಲ. ಆದರೆ ದಿನವಿಡೀ ಬಾಗಿ, ಕುಳಿತು, ಹೊತ್ತು ದುಡಿಯುವ ತನ್ನ ಮೈಯ ಕೀಲುಗಳ ಕಡೆಗೆ ಅವನ ಗಮನ ಹರಿಯುವುದು ನೋವು ಬಂದ ಮೇಲೆಯೇ. ಸವೆದ ಅಚ್ಚನ್ನು ಬದಲಿಸಬಹುದು. ಸವೆದ ಮೃದ್ವಸ್ಥಿ ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ. ಆದ್ದರಿಂದ ಕೀಲುಗಳ ರಚನೆಯನ್ನು ತಿಳಿದಿರುವುದು ಲೇಸು.

ಕೀಲಿನ ರಚನೆ

ವಯಸ್ಕರ ದೇಹದಲ್ಲಿ ಸಾಮಾನ್ಯವಾಗಿ 206 ಮೂಳೆಗಳಿರುತ್ತವೆ. ಎರಡು ಮೂಳೆಗಳು ಸೇರುವ ಸ್ಥಳವೇ ಕೀಲು. ಚಲಿಸುವ ಕೀಲಿನಲ್ಲಿ ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದ್ದು, ನಡುವೆ ಲೋಳೆಯಂಥ ದ್ರವವಿರುತ್ತದೆ. ಗಟ್ಟಿ ನಾರುಗಳು ಮೂಳೆಗಳನ್ನು ಬಿಗಿದು ಕಟ್ಟಿರುತ್ತವೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲು ಮಡಿಸಿ ಬಿಡಿಸಿದಾಗ ಅದು ಸ್ಪಂಜಿನಂತೆ ಒತ್ತಿ ಸಡಿಲಗೊಂಡು, ದ್ರವದಿಂದ ಆಹಾರ ಹೀರುತ್ತದೆ. ಹೀಗಾಗಿ ಚಲನೆಯೇ ಕೀಲಿಗೆ ಪೋಷಣೆ. ಮೇಲೆ ಹಚ್ಚಿದ ಎಣ್ಣೆ ಸ್ನಾಯುಗಳಿಗೆ ಹಿತವೆನಿಸಬಹುದು, ಕೀಲಿನೊಳಕ್ಕೆ ಇಳಿಯುವುದಿಲ್ಲ.

ಕೀಲುಗಳ ವಿಧಗಳು

1. ಅಚಲ ಕೀಲು: ತಲೆಬುರುಡೆಯ ಮೂಳೆಗಳ ಹೊಲಿಗೆಗಳು. ಎಳೆಗೂಸಿನಲ್ಲಿ ಇವು ಇನ್ನೂ ಕೂಡಿಕೊಂಡಿರದ ಕಾರಣ ನೆತ್ತಿ ಮೆತ್ತಗಿರುತ್ತದೆ.

2. ಅಲ್ಪ ಚಲನೆಯ ಕೀಲು: ಬೆನ್ನುಮೂಳೆಯ ಮಣಿಗಳ ನಡುವಿನ 23 ಮೆತ್ತೆಗಳು. ಪ್ರತಿಯೊಂದೂ ಸ್ವಲ್ಪವೇ ಬಾಗುತ್ತದೆ. ಎಲ್ಲವೂ ಸೇರಿ ಬೆನ್ನು ಬಾಗುತ್ತದೆ.

3. ಬಿಜಾಗರಿ ಕೀಲು: ಮೊಣಕೈ ಮತ್ತು ಮಂಡಿ. ಬಾಗಿಲಿನಂತೆ ಮುಖ್ಯವಾಗಿ ಒಂದೇ ದಿಕ್ಕಿನ ಚಲನೆ. ಮಡಿಸಿದ ಮಂಡಿ ಸ್ವಲ್ಪ ಹೊರಳಬಲ್ಲದಾದರೂ, ಪಾದ ಊರಿ ಮೈ ತಿರುಚಿದರೆ ಒಳಗಿನ ಮೆತ್ತೆ ಹರಿಯಬಹುದು.

4. ಚೆಂಡು-ಗುಳಿ ಕೀಲು: ಭುಜ ಮತ್ತು ತೊಡೆಯ ಬುಡ. ಎಲ್ಲ ದಿಕ್ಕಿಗೂ ತಿರುಗುತ್ತದೆ. ಭುಜದ ಗುಳಿ ಆಳವಿಲ್ಲದ್ದರಿಂದ ಅದು ಸುಲಭವಾಗಿ ತಪ್ಪುತ್ತದೆ.

5. ತಿರುಗಣಿ ಕೀಲು: ಕತ್ತಿನ ಮೊದಲೆರಡು ಮಣಿಗಳ ನಡುವೆ ಇದೆ. ತಲೆ ಎಡಬಲಕ್ಕೆ ಹೊರಳುವುದು ಮುಖ್ಯವಾಗಿ ಇದರಿಂದ.

6. ತಡಿ ಕೀಲು: ಹೆಬ್ಬೆರಳಿನ ಬುಡ. ಕುಡುಗೋಲು ಹಿಡಿಯಲು ಸಾಧ್ಯವಾಗಿರುವುದು ಇದರಿಂದಲೇ.

7. ಜಾರು ಕೀಲು: ಮಣಿಕಟ್ಟು ಮತ್ತು ಪಾದದ ಸಣ್ಣ ಮೂಳೆಗಳು ಒಂದರ ಮೇಲೊಂದು ಸ್ವಲ್ಪ ಜಾರುತ್ತವೆ.

ಹೊಲದಲ್ಲಿ ಪಾಲಿಸಬೇಕಾದ ಕ್ರಮಗಳು

ನಾಟಿ, ಕಳೆ, ಕೊಯ್ಲಿನಲ್ಲಿ ಗಂಟೆಗಟ್ಟಲೆ ಬಾಗುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಬಾಗಿದಾಗ ಬೆನ್ನಿನ ಮೆತ್ತೆಯ ಮುಂಭಾಗ ಒತ್ತಿ, ತಿರುಳು ಹಿಂದಕ್ಕೆ ಸರಿಯುತ್ತದೆ. ಅದು ಉಬ್ಬಿ ನರಕ್ಕೆ ತಗುಲಿದರೆ ಸೊಂಟದಿಂದ ಕಾಲಿನವರೆಗೆ ನೋವು ಹರಿಯುತ್ತದೆ. ಕುಕ್ಕರಗಾಲಿನಲ್ಲಿ ಬಹಳ ಹೊತ್ತು ಕೂರುವುದರಿಂದ ಮಂಡಿಗೆ ಹೆಚ್ಚು ಒತ್ತಡ ಬೀಳುತ್ತದೆ. ಆದುದರಿಂದ:

* ಸಾಲಿನಲ್ಲಿ ಬಿತ್ತಿ ಅಥವಾ ನಾಟಿ ಮಾಡಿ, ನಿಂತೇ ನಡೆಸುವ ಉದ್ದ ಹಿಡಿಯ ಕಳೆ ಸಾಧನಗಳನ್ನು ಬಳಸಿರಿ.
* ಅರ್ಧ ಗಂಟೆಗೊಮ್ಮೆಯಾದರೂ ಎದ್ದು ಮೈ ನೆಟ್ಟಗೆ ಮಾಡಿ, ನಾಲ್ಕು ಹೆಜ್ಜೆ ನಡೆಯಿರಿ.
* ಮೂಟೆ ಎತ್ತುವಾಗ ಮಂಡಿ ಮಡಿಸಿ, ಮೂಟೆಯನ್ನು ಮೈಗೆ ಒತ್ತಿ ಹಿಡಿಯಿರಿ. ಅದು ದೂರವಿದ್ದಷ್ಟೂ ಬೆನ್ನಿನ ಸ್ನಾಯುಗಳು ಬಲವಾಗಿ ಎಳೆಯಬೇಕಾಗಿ, ಆ ಎಳೆತವೂ ಮೆತ್ತೆಗಳ ಮೇಲೆಯೇ ಬೀಳುತ್ತದೆ. ಭಾರಿ ಮೂಟೆಗೆ ಇಬ್ಬರು ಕೈಗೂಡಿಸಿರಿ.
* ತಿರುಗಬೇಕಾದಾಗ ಸೊಂಟ ತಿರುಚದೆ ಹೆಜ್ಜೆ ಬದಲಿಸಿರಿ.
* ಸ್ಥೂಲಕಾಯದವರು 1 ಕಿಲೋ ತೂಕ ಇಳಿಸಿದರೆ, ನಡೆಯುವಾಗ ಮಂಡಿಯ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ.

ಭುಜ ತಪ್ಪಿದರೆ ಎಳೆಸಬಾರದು. ಎಳೆದರೆ ನರ, ರಕ್ತನಾಳಗಳಿಗೆ ಪೆಟ್ಟಾಗಬಹುದು. ಕೈಯನ್ನು ಬಟ್ಟೆಯಲ್ಲಿ ಜೋಲಿ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯಬೇಕು. ಕೀಲು ಊದಿ, ಬಿಸಿಯಾಗಿ, ಜ್ವರವೂ ಬಂದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಕೀಲಿನಲ್ಲಿ ಕೀವಾಗಿದ್ದರೆ ಕೆಲವೇ ದಿನಗಳಲ್ಲಿ ಅದು ಶಾಶ್ವತವಾಗಿ ಕೆಡಬಹುದು.

ಮುಂದಿನ ಹಂಗಾಮಿಗೆ ಬೀಜ, ಗೊಬ್ಬರ ಸಿದ್ಧಪಡಿಸುವಾಗಲೇ ನಿಮ್ಮ ಸಾಧನಗಳ ಹಿಡಿಯ ಉದ್ದವನ್ನೂ ಒಮ್ಮೆ ಪರೀಕ್ಷಿಸಿರಿ. ನಿಂತು ಕೆಲಸ ಮಾಡುವಾಗ ಬೆನ್ನು ಬಾಗದಷ್ಟು ಉದ್ದವಿದ್ದರೆ ಅದೇ ಸರಿಯಾದ ಅಳತೆ.