ತಮಟೆ ನಮ್ಮದು, ಷರತ್ತೂ ನಮ್ಮದೇ

ಬಿಡದಿ ಎಂದ ಕೂಡಲೇ ಬಹಳ ಮಂದಿಗೆ ನೆನಪಾಗುವುದು ತಟ್ಟೆ ಇಡ್ಲಿ. ಆಮೇಲೆ ಕಾರಿನ ಕಾರ್ಖಾನೆ, ವಂಡರ್‌ಲಾ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋದ ಮೇಲೆ ಇಡ್ಲಿಗೆಂದು ಇಳಿಯುವವರೂ ಮೊದಲಿನಷ್ಟಿಲ್ಲ. ಶಿಫ್ಟ್ ಬಸ್ಸುಗಳು ಬೆಳಗು–ರಾತ್ರಿ ಓಡಾಡುವ ಈ ಊರಿನಲ್ಲಿ ನಮ್ಮದೂ ಒಂದು ಕಾಲೊನಿ ಇದೆ. ಮಾತು ಶುರುವಾದರೆ ಕೆಲಸದ್ದೇ. ಯಾರ ಗುತ್ತಿಗೆ ಮುಗಿಯಿತು, ಯಾವ ಏಜೆನ್ಸಿ ಹೊಸಬರನ್ನು ತೆಗೆದುಕೊಳ್ಳುತ್ತಿದೆ, ಗಾರ್ಮೆಂಟ್ಸ್‌ನಲ್ಲಿ ಓಟಿ ಇದೆಯಾ ಇಲ್ಲವಾ. ಆಟದ ಮೈದಾನ ಇಲ್ಲ, ಗ್ರಂಥಾಲಯ ಇಲ್ಲ. ಇರುವುದು ಓವರ್‌ಹೆಡ್ ಟ್ಯಾಂಕಿನ ಕೆಳಗಿನ ಒಂದಿಷ್ಟು ಜಾಗ.

ಆ ಜಾಗದಲ್ಲಿ ವಾರಕ್ಕೆ ಎರಡು ಸಂಜೆ ನಾವು ಹನ್ನೆರಡು ಜನ ತಮಟೆ ಕಲಿಯುತ್ತೇವೆ. ಐವರು ಹುಡುಗಿಯರು. ನಾನು ಅಂತಿಮ ವರ್ಷದ ಬಿ.ಕಾಂ. ಕಲಿಸುವವರು ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಎಲೆಕ್ಟ್ರಿಷಿಯನ್. ನಾವೆಲ್ಲ ಕರೆಯುವುದು ‘ಮೇಷ್ಟ್ರು’ ಎಂದೇ. ಬಲಗೈಗೆ ದಪ್ಪ ಕೋಲು, ಎಡಗೈಗೆ ತೆಳು ಕಡ್ಡಿ. ಮೊದಲ ತಿಂಗಳು ಪೂರ್ತಿ ನಿಂತಲ್ಲೇ ಒಂದೇ ಗತ್ತು. ಕಾಲು ಕುಣಿಸಲು ಬಿಟ್ಟದ್ದು ಆಮೇಲೆ. ಚರ್ಮದ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದರೆ ಮಾತ್ರ ನಾದ ಬಿಗಿಯಾಗುತ್ತದೆ; ಮಳೆಗಾಲದಲ್ಲಿ ಅದರ ಪಾಡು ಹೇಳುವಂತಿಲ್ಲ. ಹಾಗಾಗಿ ನಮ್ಮವು ಬೋಲ್ಟ್ ತಿರುಗಿಸಿ ಬಿಗಿ ಮಾಡುವ ಫೈಬರ್ ತಮಟೆಗಳು. ಮೇಷ್ಟ್ರ ಹತ್ತಿರ ಮಾತ್ರ ಅವರ ಅಪ್ಪ ಬಡಿದ ಚರ್ಮದ ತಮಟೆ ಇದೆ.

ಅಪ್ಪನ ಸಿಟ್ಟಿನ ಹಿಂದೆ

ನಾನು ತಮಟೆ ಹಿಡಿದದ್ದು ಗೊತ್ತಾದ ದಿನ ಅಪ್ಪ ಊಟ ಮಾಡಲಿಲ್ಲ. ‘ಅದನ್ನ ಬುಡ್ಸೋಕೆ ಅಂತ್ಲೇ ಕಣವ್ವ ನಿನ್ನ ಓದ್ಸಿದ್ದು’ ಎಂದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ತಾತ ಊರಹಬ್ಬಕ್ಕೂ ಸಾವಿಗೂ ತಮಟೆ ಬಡಿಯುತ್ತಿದ್ದರು. ಬಡಿಯುತ್ತಿದ್ದರು ಎನ್ನುವುದಕ್ಕಿಂತ ಬಡಿಯಲೇಬೇಕಿತ್ತು. ಬೆಳಗಿನ ಜಾವ ಯಾರೋ ಕೇರಿಯ ತುದಿಯಲ್ಲಿ ನಿಂತು ಕೂಗಿದರೆ ಎದ್ದು ಹೋಗಬೇಕು. ಸುಗ್ಗಿಯಲ್ಲಿ ಒಂದಿಷ್ಟು ರಾಗಿ, ಹಬ್ಬದಲ್ಲಿ ಮಿಕ್ಕ ಅನ್ನ. ದೇವರ ಮೆರವಣಿಗೆಯ ಮುಂದೆ ತಮಟೆ ಬೇಕು, ಗುಡಿಯೊಳಗೆ ತಮಟೆಯವನು ಬೇಡ. ಇದನ್ನು ನೋಡಿ ಬೆಳೆದ ಅಪ್ಪನಿಗೆ ತಮಟೆಯ ಸದ್ದು ಕಲೆಯಾಗಿ ಕೇಳಿಸುವುದಾದರೂ ಹೇಗೆ?

ಈ ಪ್ರಶ್ನೆ ನಮ್ಮ ಮನೆಯದಷ್ಟೇ ಅಲ್ಲ. ನೆರೆಯ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯ ಅವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ಅವರ ಹಾಡುಗಳು ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ತಮಟೆಯ ಜೊತೆಗೇ ಊರೂರು ಸುತ್ತಿದವು. ಯಜಮಾನರು ಕೂಗಿದಾಗ ಬಡಿಯಬೇಕಿದ್ದ ವಾದ್ಯ ಯಜಮಾನಿಕೆಯನ್ನೇ ಪ್ರಶ್ನಿಸುವವರ ಕೈಗೆ ಬಂತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಸಿಕ್ಕಿತು. ಆ ಸುದ್ದಿಯನ್ನು ಅಪ್ಪನಿಗೆ ಫೋನಿನಲ್ಲಿ ತೋರಿಸಿದೆ. ಫೋಟೊವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ‘ಪ್ರಶಸ್ತಿ ಒಬ್ಬರಿಗೆ ಬತ್ತದೆ. ಊರೋರು ನಿಮ್ಮನ್ನ ಹೆಂಗೆ ಕರೀತಾರೆ ಅದ ಹೇಳು’ ಎಂದರು.

ಅಪ್ಪನ ಆ ಮಾತನ್ನು ನಾನು ತಂಡದ ಮುಂದೆ ಇಟ್ಟೆ. ಮೇಷ್ಟ್ರು ಕೋಲು ಕೆಳಗಿಟ್ಟು, ‘ಕರೆದ್ರೆ ಹೋಗೋಣ. ಕೂಗಿದ್ರೆ ಬ್ಯಾಡ’ ಎಂದರು. ನಮ್ಮ ತಂಡದ ನಿಯಮಗಳು ಹುಟ್ಟಿದ್ದು ಅಲ್ಲಿಂದ.

ನೋಟ್‌ಬುಕ್ಕಿನ ಮೊದಲ ಪುಟ

ನಿಯಮಗಳು ಐದು. ಕಾರ್ಯಕ್ರಮದ ದಿನ ಮೊದಲೇ ಹೇಳಬೇಕು. ಹಣ ಎಷ್ಟು, ವ್ಯಾನ್ ಬಾಡಿಗೆ ಯಾರದು ಎಂಬುದು ಮುಂಚೆಯೇ ತೀರ್ಮಾನವಾಗಬೇಕು. ಎಲ್ಲರ ಜೊತೆ ಒಂದೇ ಪಂಕ್ತಿಯಲ್ಲಿ ಊಟ. ಕುಡಿದು ಬಂದವರಿಗೆ ತಮಟೆ ಇಲ್ಲ, ಅದು ನಮ್ಮವರೇ ಆದರೂ. ಸಾವಿನ ಮನೆಗೆ ಸಂಬಂಧಕ್ಕೆ, ಸಂಕಟಕ್ಕೆ ಹೋಗುತ್ತೇವೆ, ಅಪ್ಪಣೆಗೆ ಹೋಗುವುದಿಲ್ಲ.

ಬರೆಯುವುದು ಸುಲಭ. ಹಳ್ಳಿಯೊಂದರ ಹಬ್ಬಕ್ಕೆ ಹೋದಾಗ ನಮಗೆಂದು ಊಟವನ್ನು ಪೆಂಡಾಲಿನ ಹಿಂದೆ, ಬೇರೆಯಾಗಿ ಇಟ್ಟಿದ್ದರು. ಯಾರೂ ಜಗಳ ಆಡಲಿಲ್ಲ. ಮೇಷ್ಟ್ರು ತಮಟೆಯನ್ನು ಚೀಲಕ್ಕೆ ಹಾಕಿಕೊಂಡರು, ನಾವೂ ಹಾಕಿಕೊಂಡೆವು. ಆ ದಿನದ ಹಣ ಹೋಯಿತು, ವ್ಯಾನಿನ ಬಾಡಿಗೆ ನಮ್ಮ ಕೈಯಿಂದಲೇ ಹೋಯಿತು. ವಾಪಸ್ ಬರುವಾಗ ಬೈಪಾಸ್ ಪಕ್ಕದ ಟೀ ಅಂಗಡಿಯಲ್ಲಿ ಬನ್ ತಿಂದೆವು. ಮರುದಿನ ಕೆಲಸಕ್ಕೆ ಹೋಗಲೇಬೇಕಾಗಿದ್ದ ಇಬ್ಬರು ಹುಡುಗರು ಗೊಣಗಿದ್ದೂ ನಿಜ. ಆ ಗೊಣಗಾಟದಲ್ಲೂ ನ್ಯಾಯವಿತ್ತು. ಮರ್ಯಾದೆಯ ಬೆಲೆಯನ್ನು ಬಡವರೇ ಯಾಕೆ ಜೇಬಿನಿಂದ ಕೊಡಬೇಕು? ಅದಕ್ಕೇ ಈಗ ಪ್ರತಿ ಕಾರ್ಯಕ್ರಮದ ಹಣದಲ್ಲಿ ಒಂದು ಪಾಲನ್ನು ತೆಗೆದಿಡುತ್ತೇವೆ. ಹೀಗೆ ವಾಪಸ್ ಬರಬೇಕಾದ ದಿನ ಯಾರಿಗೂ ನಷ್ಟವಾಗಬಾರದು. ಮರುವರ್ಷ ಅದೇ ಊರಿನ ಇನ್ನೊಂದು ಬೀದಿಯ ಹುಡುಗರು ಫೋನ್ ಮಾಡಿದರು. ಊಟದ ವಿಷಯವನ್ನು ನಾವು ಕೇಳುವ ಮೊದಲೇ ಅವರೇ ಹೇಳಿದರು.

ಹೀಗೆ ಮಾಡುತ್ತಿರುವವರು ನಾವೊಬ್ಬರೇ ಅಲ್ಲ. ತಮಟೆಯ ಬಳಗಕ್ಕೇ ಸೇರಿದ ತಮಿಳುನಾಡಿನ ಪರೈ ವಾದ್ಯವನ್ನು ಅಲ್ಲಿನ ಯುವಕರು, ಯುವತಿಯರು ಸ್ವಾಭಿಮಾನದ ಗುರುತಾಗಿ ಎತ್ತಿಕೊಂಡಿದ್ದಾರೆ. ಬಿಹಾರದ ಪಟ್ನಾ ಸಮೀಪದ ಢಿಬ್ರಾ ಗ್ರಾಮದ ದಲಿತ ಮಹಿಳೆಯರು ‘ನಾರಿ ಗುಂಜನ್ ಸರ್ಗಮ್ ಮಹಿಳಾ ಬ್ಯಾಂಡ್’ ಕಟ್ಟಿಕೊಂಡು ಮದುವೆ, ಸಮಾರಂಭಗಳಲ್ಲಿ ಸಂಭಾವನೆ ಪಡೆದು ಡ್ರಮ್ ಬಾರಿಸುತ್ತಾರೆ. ಹೆಂಗಸರು ಇದನ್ನೆಲ್ಲ ಬಾರಿಸುವುದೇ ಎಂಬ ಮಾತನ್ನು ಅವರೂ ಕೇಳಿದವರೇ. ನಮ್ಮ ಕಾಲೊನಿಯ ಪಕ್ಕದ ಶೀಟ್ ಮನೆಗಳಲ್ಲಿ ಬಿಹಾರದ ಕಾರ್ಮಿಕರ ಕುಟುಂಬಗಳಿವೆ. ಅಲ್ಲಿನ ಒಬ್ಬ ಹುಡುಗ ಈಗ ನಮ್ಮ ತಂಡದಲ್ಲಿದ್ದಾನೆ. ಅವನಿಗೆ ಕನ್ನಡ ಬಂದದ್ದು ತಮಟೆಯ ಲೆಕ್ಕ ಎಣಿಸುತ್ತಾ.

ಕೆಲಸ ಸಿಗುತ್ತದೆಯೇ?

ಈ ಪುಟ ಓದುವ ಗೆಳೆಯರು ಕೇಳುವುದು ಇದನ್ನೇ ಎಂದು ಗೊತ್ತು. ತಮಟೆಯೊಂದನ್ನೇ ನಂಬಿ ಬದುಕುತ್ತಿರುವವರು ನಮ್ಮಲ್ಲಿ ಯಾರೂ ಇಲ್ಲ. ಹಬ್ಬದ ತಿಂಗಳುಗಳಲ್ಲಿ ಕೈಗೆ ಸ್ವಲ್ಪ ಹಣ ಬರುತ್ತದೆ, ಆಷಾಢದಲ್ಲಿ ಏನೂ ಇಲ್ಲ. ಆದರೆ ದಾರಿಗಳು ಇವೆ, ತಿಳಿದಿರಬೇಕು. ರೈಲ್ವೆ ಇಲಾಖೆ ಸಾಂಸ್ಕೃತಿಕ ಕೋಟಾದಡಿ ಕಲಾವಿದರನ್ನು ನೇಮಿಸಿಕೊಳ್ಳುತ್ತದೆ; ಹುದ್ದೆಗಳು ಬೆರಳೆಣಿಕೆಯಷ್ಟು, ಪೈಪೋಟಿ ಜೋರು. ಸರ್ಕಾರದ ಯೋಜನೆಗಳ ಪ್ರಚಾರಕ್ಕೆ ವಾರ್ತಾ ಇಲಾಖೆ ಬೀದಿ ನಾಟಕ, ಜಾನಪದ ತಂಡಗಳನ್ನು ಬಳಸಿಕೊಳ್ಳುತ್ತದೆ. ವಾದ್ಯ, ವೇಷಭೂಷಣಗಳ ಖರೀದಿಗೆ ಧನಸಹಾಯ ನೀಡಲು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಅರ್ಜಿ ಕರೆಯುವುದುಂಟು. ಪ್ರಕಟಣೆಯ ಮೇಲೆ ಕಣ್ಣಿಟ್ಟಿರಬೇಕು. ಓದಬೇಕೆಂದರೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ.

ನಮಗೆ ಹತ್ತಿರದ್ದು ರಾಮನಗರದ ಜಾನಪದ ಲೋಕ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತು ಹೆದ್ದಾರಿ ಬದಿಯ 15 ಎಕರೆಯಲ್ಲಿ ಕಟ್ಟಿ 1994ರಲ್ಲಿ ತೆರೆದ ಸಂಸ್ಥೆ ಅದು. ಶಾಲೆಯ ಪ್ರವಾಸದಲ್ಲಿ ಒಮ್ಮೆ ನೋಡಿ ಮರೆತವರೇ ಹೆಚ್ಚು. ಪೂಜಾ ಕುಣಿತದವರು ದೇವಿಯ ಮುಖವಿರುವ ಬಿದಿರಿನ ಚೌಕಟ್ಟನ್ನು ಕೈ ಬಿಟ್ಟು ತಲೆಯ ಮೇಲೆ ನಿಲ್ಲಿಸುವುದನ್ನು ನಮ್ಮ ತಂಡ ಅಲ್ಲಿ ಹತ್ತಿರದಿಂದ ನೋಡಿ ಬಂತು. ಇದು ನಮ್ಮ ಸೀಮೆಯದೇ ಕಲೆ. ಸಮತೋಲ ತಪ್ಪಿದರೆ ನೋಡುವವರಿಗೆ ಒಂದು ಕ್ಷಣದ ‘ಅಯ್ಯೋ’, ಹೊತ್ತವರಿಗೆ ಕತ್ತಿನ ನೋವು. ಅಂಥ ಕಲೆಗೆ ವರ್ಷಗಟ್ಟಲೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ಜಾಗ ಬೇಕು, ಕಲಿಸುವವರಿಗೆ ಸಂಬಳ ಬೇಕು.

ಚನ್ನಪಟ್ಟಣದ ಗೊಂಬೆಯನ್ನೇ ನೋಡಿ. ಭೌಗೋಳಿಕ ಗುರುತು ಇದೆ, ಹೆಸರಿದೆ. ಆದರೂ ಹೊಸ ಹೆದ್ದಾರಿ ಊರನ್ನು ಬಿಟ್ಟು ಹೋದಾಗ ಹಳೆ ರಸ್ತೆಯ ಗೊಂಬೆ ಅಂಗಡಿಗಳು ಗಿರಾಕಿಯ ದಾರಿ ಕಾಯಬೇಕಾಯಿತು. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ತಯಾರಿಕೆಯೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15 ಸಾವಿರ ರೂಪಾಯಿವರೆಗೆ ನೆರವು ಇದೆ. ಕಲಿಯುವ ದಿನವೂ ಕೂಲಿಯ ದಿನವೇ ಎಂದು ಒಪ್ಪಿಕೊಂಡದ್ದು ಅದರ ಒಳ್ಳೆಯ ಅಂಶ. ಓಟಿ ಬಿಟ್ಟು ಅಭ್ಯಾಸಕ್ಕೆ ಬರುವ ನಮ್ಮ ಹುಡುಗರಿಗೆ ಅಂಥದ್ದೇನೂ ಇಲ್ಲ.

ನನಗೆ ತಮಟೆಯಿಂದ ಸಿಕ್ಕಿದ್ದನ್ನು ಹೇಳಬೇಕೆಂದರೆ, ತಂಡದ ಲೆಕ್ಕ ಬರೆಯುವವಳು ನಾನೇ. ಬಂದದ್ದು, ಖರ್ಚು, ಪಾಲು, ಉಳಿಕೆ. ಇತ್ತೀಚಿನ ಸಂದರ್ಶನವೊಂದರಲ್ಲಿ ಅನುಭವ ಏನಿದೆ ಎಂದು ಕೇಳಿದಾಗ ಆ ನೋಟ್‌ಬುಕ್ಕನ್ನೇ ಮೇಜಿನ ಮೇಲಿಟ್ಟೆ. ಅವರು ಪುಟ ತಿರುಗಿಸಿ ಪ್ರಶ್ನೆ ಕೇಳಿದರು, ನಾನು ತಡವರಿಸಲಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲ. ಅಪ್ಪ ಈಗಲೂ ಕಾರ್ಯಕ್ರಮ ನೋಡಲು ಬರುವುದಿಲ್ಲ. ಆದರೆ ರಾತ್ರಿ ತಡವಾದರೆ ವ್ಯಾನ್ ನಿಲ್ಲುವಲ್ಲಿಗೆ ಬಂದು ನನ್ನ ತಮಟೆಯ ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಳ್ಳುತ್ತಾರೆ.

ಈಗ ನಮಗೆ ಬೇಕಿರುವುದು ಒಂದು ಸೂರು. ಟ್ಯಾಂಕಿನ ಕೆಳಗೆ ಮಳೆ ಬಂದರೆ ಅಭ್ಯಾಸ ನಿಲ್ಲುತ್ತದೆ, ಕತ್ತಲಾದರೆ ಹುಡುಗಿಯರ ಮನೆಯಿಂದ ಫೋನ್ ಶುರುವಾಗುತ್ತದೆ. ಎಷ್ಟೋ ಕಾಲೊನಿಗಳಲ್ಲಿ ಸಮುದಾಯ ಭವನಗಳಿವೆ, ಮದುವೆ, ಸಭೆ ಇಲ್ಲದ ದಿನ ಬೀಗ ಹಾಕಿಕೊಂಡಿರುತ್ತವೆ. ವಾರಕ್ಕೆ ಎರಡು ಸಂಜೆ, ಆರರಿಂದ ಎಂಟು, ಕೀಲಿ ಮತ್ತು ಒಂದು ಟ್ಯೂಬ್‌ಲೈಟ್. ನಿಮ್ಮ ಊರಿನಲ್ಲೂ ಅಂಥದ್ದೊಂದು ಭವನವಿದ್ದರೆ ನಾಲ್ಕು ಜನ ಸೇರಿ ಒಂದು ಅರ್ಜಿ ಬರೆಯಿರಿ. ತಮಟೆಯೇ ಆಗಬೇಕಿಲ್ಲ, ಸೋಬಾನೆ ಹಾಡುವ ಅಜ್ಜಿ ಇರಬಹುದು, ನಾಟಕ ಆಡಿಸಿದ ಮಾವ ಇರಬಹುದು. ನಮ್ಮ ಅರ್ಜಿ ಹೋದ ವಾರ ಕೊಟ್ಟಿದ್ದೇವೆ, ಸ್ವೀಕೃತಿಯ ಸೀಲು ಹಾಕಿಸಿಕೊಂಡು.