ಡೀಸೆಲ್ ಬಸ್ಸು ಮತ್ತು ವಾಹನಗಳಲ್ಲಿ ಜೈವಿಕ ಡೀಸೆಲ್ ಮಿಶ್ರಣ: ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದ ತೊಡಕುಗಳು

ಕೊಳ್ಳೇಗಾಲ, ಹನೂರು ಹಾಗೂ ಯಳಂದೂರು ತಾಲ್ಲೂಕುಗಳ ಸದಸ್ಯರಿಗೆ ಹೊಂಗೆ ಮರವನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ರಾಜ್ಯ ಸರ್ಕಾರವು 2009ರಲ್ಲಿ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿದ ತರುವಾಯ ‘ಬರಡು ಬಂಗಾರ’, ‘ಹಸಿರು ಹೊನ್ನು’ ಕಾರ್ಯಕ್ರಮಗಳ ಅಡಿಯಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಸಸಿಗಳನ್ನು ನೆಡುವ ಕೆಲಸಕ್ಕೆ ಚಾಲನೆ ದೊರೆಯಿತು. ಈ ಬೀಜದ ಎಣ್ಣೆಯಿಂದ ಬಸ್ಸು ಓಡುತ್ತದೆಯೇ ಎಂದು ಗ್ರಾಮಸಭೆಯಲ್ಲಿ ಯಾರಾದರೂ ಕೇಳಿದರೆ, ಓಡುತ್ತದೆ ಎಂದೇ ಉತ್ತರಿಸಬೇಕು. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯೂ ತನ್ನ ಬಸ್ಸುಗಳಲ್ಲಿ ಜೈವಿಕ ಡೀಸೆಲ್ ಮಿಶ್ರಣವನ್ನು ಬಳಸಿ ನೋಡಿದೆ. ಹೊಗೆ ಕಡಿಮೆಯಾಗುವುದು, ಗಂಧಕವಿಲ್ಲದಿರುವುದು, ಪಂಪಿನ ಭಾಗಗಳಿಗೆ ಜಿಡ್ಡು ಚೆನ್ನಾಗಿ ಒದಗುವುದು ಇದರ ನಿಜವಾದ ಗುಣಗಳು. ಆದರೆ ಯಾವ ವಾಹನದಲ್ಲಿ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ ಇಟ್ಟ ಇಂಧನವನ್ನು ಬಳಸಲಾಗುತ್ತಿದೆ ಎಂಬುದನ್ನು ನೋಡದೆ ತುಂಬಿಸಿದರೆ ನಷ್ಟವೇ ಹೆಚ್ಚು.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. ಗಾಣದಿಂದ ಬಂದ ಹೊಂಗೆ ಎಣ್ಣೆ ಜೈವಿಕ ಡೀಸೆಲ್ ಅಲ್ಲ. ಹಸಿ ಎಣ್ಣೆಯು ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದವಾಗಿರುತ್ತದೆ. ಇಂಜೆಕ್ಟರ್ ಅದನ್ನು ಸೂಕ್ಷ್ಮ ತುಂತುರಾಗಿ ಸಿಂಪಡಿಸಲಾರದು. ಅರೆಬರೆ ಉರಿದ ಎಣ್ಣೆ ಇಂಜೆಕ್ಟರಿನ ತುದಿಯಲ್ಲಿ ಮಸಿಯಾಗಿ ಗಟ್ಟಿಕಟ್ಟುತ್ತದೆ. ಎಣ್ಣೆಯನ್ನು ಮೆಥನಾಲ್ ಹಾಗೂ ಕ್ಷಾರದೊಂದಿಗೆ ವರ್ತಿಸುವಂತೆ ಮಾಡಿ, ಗ್ಲಿಸರಿನ್ ಬೇರ್ಪಡಿಸಿ, ತೊಳೆದು ಒಣಗಿಸಿದ ಬಳಿಕವೇ ಅದು ಜೈವಿಕ ಡೀಸೆಲ್ ಎನಿಸಿಕೊಳ್ಳುತ್ತದೆ. ಹೊಂಗೆ ಎಣ್ಣೆಯಲ್ಲಿ ಆಮ್ಲಾಂಶ ಹೆಚ್ಚಾಗಿರುವಲ್ಲಿ ಇದಕ್ಕೆ ಮೊದಲು ಆಮ್ಲದ ಹಂತವೊಂದು ಬೇಕಾಗುತ್ತದೆ. ಅದನ್ನು ಬಿಟ್ಟರೆ ಇಂಧನದ ಬದಲು ಸಾಬೂನು ಕೈಗೆ ಬರುತ್ತದೆ. ಹಾಸನದ ಮಡೆನೂರಿನಲ್ಲಿರುವ ಜೈವಿಕ ಇಂಧನ ಉದ್ಯಾನದಂಥ ಕಡೆ ಇದನ್ನು ಅಳತೆಯಿಟ್ಟು ಮಾಡುತ್ತಾರೆ. ಮೆಥನಾಲ್ ವಿಷ, ಬೇಗ ಬೆಂಕಿ ಹತ್ತುವ ದ್ರವ. ಮನೆಯ ಹಿತ್ತಲಿನಲ್ಲಿ ಮಾಡಿ ನೋಡುವ ಕೆಲಸ ಇದಲ್ಲ.

ಸರಿಯಾಗಿ ತಯಾರಿಸಿದ ಇಂಧನವೂ ತೊಡಕಿಲ್ಲದ್ದಲ್ಲ. ಜೈವಿಕ ಡೀಸೆಲ್ ಒಳ್ಳೆಯ ದ್ರಾವಕ. ಹಳೆಯ ಬಸ್ಸಿನ ಟ್ಯಾಂಕಿನಲ್ಲಿ ವರ್ಷಗಳಿಂದ ಅಂಟಿ ಕುಳಿತ ಕೊಳೆಯನ್ನು ಅದು ಸಡಿಲಿಸಿ ಮುಂದಕ್ಕೆ ತಳ್ಳುತ್ತದೆ. ಆದ್ದರಿಂದ ಮೊದಲ ಕೆಲವು ಬಾರಿ ತುಂಬಿಸಿದಾಗ ಡೀಸೆಲ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ತಿರುವಿನಲ್ಲಿ, ತುಂಬಿದ ಬಸ್ಸಿಗೆ ಇಂಧನ ಸಾಲದೆ ಬಲ ಕುಗ್ಗುವುದು ಕೇವಲ ರಿಪೇರಿಯ ಮಾತಲ್ಲ, ಪ್ರಯಾಣಿಕರ ಸುರಕ್ಷತೆಯ ಮಾತು. ಹಳೆಯ ವಾಹನಗಳ ರಬ್ಬರ್ ಕೊಳವೆಗಳು ಮತ್ತು ಸೀಲುಗಳು ಹೆಚ್ಚಿನ ಪ್ರಮಾಣದ ಮಿಶ್ರಣದಲ್ಲಿ ಊದಿಕೊಂಡು ಸೋರಬಹುದು. ತಾಮ್ರ, ಹಿತ್ತಾಳೆ, ಸತುವಿನ ಭಾಗಗಳು ತಗುಲಿದರೆ ಇಂಧನವೂ ಬೇಗ ಕೆಡುತ್ತದೆ.

ನಮ್ಮ ತಾಲ್ಲೂಕುಗಳಿಗೆ ಅತಿ ಹೆಚ್ಚು ಸಂಬಂಧಿಸಿದ್ದು ನೀರಿನ ತೊಂದರೆ. ಡೀಸೆಲ್‌ಗಿಂತ ಜೈವಿಕ ಡೀಸೆಲ್ ಗಾಳಿಯ ತೇವವನ್ನು ಹೆಚ್ಚು ಹೀರುತ್ತದೆ. ಟ್ಯಾಂಕಿನ ತಳದಲ್ಲಿ ನೀರು ನಿಂತರೆ, ನೀರು ಮತ್ತು ಇಂಧನ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತದೆ, ಟ್ಯಾಂಕಿಗೆ ತುಕ್ಕು ಹಿಡಿಯುತ್ತದೆ. ದಿನವೂ ಓಡಿ ದಿನವೂ ಇಂಧನ ತುಂಬಿಸಿಕೊಳ್ಳುವ ವಾಹನಕ್ಕೆ ಇದು ಅಷ್ಟಾಗಿ ಬಾಧಿಸುವುದಿಲ್ಲ. ಬಾಧೆ ನಿಂತ ವಾಹನಕ್ಕೆ: ಬೇಸಿಗೆ ರಜೆಯಲ್ಲಿ ನಿಲ್ಲುವ ಶಾಲಾ ಬಸ್ಸು, ಜಾತ್ರೆಗೆ ಮಾತ್ರ ಹೊರಡುವ ಖಾಸಗಿ ಬಸ್ಸು, ಪ್ರವಾಸಿಗರ ಕಾರವಾನ್, ಕರೆಂಟು ಹೋದಾಗಷ್ಟೇ ನೆನಪಾಗುವ ಜನರೇಟರ್. ಗಾಳಿ ಮತ್ತು ಬಿಸಿಲಿನ ಸಂಪರ್ಕದಿಂದ ಈ ಇಂಧನ ತಿಂಗಳುಗಳಲ್ಲೇ ಹುಳಿಯಾಗಿ ಅಂಟಾಗತೊಡಗುತ್ತದೆ. ಆರು ತಿಂಗಳಿಗಿಂತ ಹೆಚ್ಚು ಇಡದಿರುವುದು ಕ್ಷೇಮ. ರಾತ್ರಿ ಊರಿನಲ್ಲೇ ತಂಗುವ ಬಸ್ಸು ಬೆಳಿಗ್ಗೆ ಚಾಲನೆಯಾಗದಿದ್ದರೆ, ಕಾಡಂಚಿನ ಗ್ರಾಮದ ಕಾಲೇಜು ವಿದ್ಯಾರ್ಥಿಗಳಿಗೂ ಆಸ್ಪತ್ರೆಗೆ ಹೊರಟವರಿಗೂ ಆ ದಿನ ಬೇರೆ ದಾರಿ ಇರುವುದಿಲ್ಲ. ಅಂಥ ವಾಹನದ ಟ್ಯಾಂಕನ್ನು ಸಂಜೆಯೇ ತುಂಬಿಸಿಡುವುದು, ತಳದ ನೀರನ್ನು ಆಗಾಗ್ಗೆ ಬಸಿಯುವುದು ಸುಲಭ ಉಪಾಯಗಳು.

ಚಳಿಯ ವಿಷಯ ಇಲ್ಲಿ ಸಣ್ಣದು. ಆದರೂ ತಾಳೆ ಎಣ್ಣೆಯಿಂದ ತಯಾರಾದ ಶುದ್ಧ ಜೈವಿಕ ಡೀಸೆಲ್ ಸುಮಾರು 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮಬ್ಬಾಗತೊಡಗುತ್ತದೆ ಎಂಬುದನ್ನು ಬಿಳಿಗಿರಿರಂಗನ ಬೆಟ್ಟದ ಚಳಿಗಾಲದ ಮುಂಜಾನೆಯನ್ನು ಬಲ್ಲವರು ನೆನಪಿಡಬಹುದು. ಇಂಧನದ ಖರ್ಚೂ ಸ್ವಲ್ಪ ಏರುತ್ತದೆ: 100 ಲೀಟರ್ ಡೀಸೆಲ್ ಮಾಡುವ ಕೆಲಸಕ್ಕೆ ಶೇಕಡಾ 20ರ ಮಿಶ್ರಣ 101ರಿಂದ 102 ಲೀಟರ್ ಬೇಕಾಗುತ್ತದೆ. ಲೀಟರಿಗೆ ಇಷ್ಟು ಅಗ್ಗ ಎಂಬ ಲೆಕ್ಕ ಹಾಕುವಾಗ ಇದನ್ನೂ, ಹೆಚ್ಚುವರಿ ಫಿಲ್ಟರಿನ ಬೆಲೆಯನ್ನೂ ಸೇರಿಸಬೇಕು.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ವಾಹನಗಳದು ಬೇರೆಯೇ ಸಮಸ್ಯೆ. ಇವುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಶೋಧಕವಿದ್ದು, ಅದನ್ನು ಸುಟ್ಟು ಶುಚಿಗೊಳಿಸಲು ಹಲವು ಎಂಜಿನ್‌ಗಳು ಸಿಲಿಂಡರಿಗೆ ತಡವಾಗಿ ಸ್ವಲ್ಪ ಹೆಚ್ಚುವರಿ ಇಂಧನವನ್ನು ಬಿಡುತ್ತವೆ. ಅದರಲ್ಲಿ ಕೊಂಚ ಭಾಗ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡೀಸೆಲ್ ಬಹುಪಾಲು ಆವಿಯಾಗಿ ಹೋದರೆ, ಜೈವಿಕ ಡೀಸೆಲ್ ಅಲ್ಲಿಯೇ ಉಳಿದು ಆಯಿಲ್ ತೆಳುವಾಗುತ್ತದೆ. ಸಾಮಾನ್ಯ ಡೀಸೆಲ್‌ನ ಐಎಸ್ 1460 ಮಾನಕವು ಶೇಕಡಾ 7ರವರೆಗಿನ ಜೈವಿಕ ಡೀಸೆಲ್‌ಗೆ ಅವಕಾಶ ನೀಡಿದೆ. ಅದನ್ನು ಮೀರುವ ಮುನ್ನ ತಯಾರಕರ ಕೈಪಿಡಿಯನ್ನು ನೋಡಲೇಬೇಕು. ಇಲ್ಲವಾದರೆ ವಾರಂಟಿಯ ಹಕ್ಕು ತಪ್ಪಬಹುದು.

ಕೊನೆಯದಾಗಿ, ರಸ್ತೆ ಬದಿಯ ಮಾರಾಟದ ವಿಷಯ. ಕೇಂದ್ರ ಸರ್ಕಾರದ 2019ರ ಮಾರ್ಗಸೂಚಿ ಇರುವುದು ಡೀಸೆಲ್‌ನೊಂದಿಗೆ ಬೆರೆಸುವ ಸಲುವಾಗಿ ಜೈವಿಕ ಡೀಸೆಲ್ ಮಾರುವ ಬಗ್ಗೆ. ಶುದ್ಧ ಜೈವಿಕ ಡೀಸೆಲ್ ಐಎಸ್ 15607 ಮಾನಕಕ್ಕೂ, ಶೇಕಡಾ 6ರಿಂದ 20ರ ಮಿಶ್ರಣ ಐಎಸ್ 16531 ಮಾನಕಕ್ಕೂ ಒಳಪಡುತ್ತವೆ. ಗುಜರಾತಿನಲ್ಲಿ ಬಯೋಡೀಸೆಲ್ ಹೆಸರಿನಲ್ಲಿ ಕೈಗಾರಿಕಾ ಎಣ್ಣೆಗಳನ್ನು ಮಾರುತ್ತಿದ್ದವರ ಮೇಲೆ ಅಲ್ಲಿನ ಆಡಳಿತ ಕ್ರಮ ಜರುಗಿಸಬೇಕಾಯಿತು. ತಮ್ಮ ವ್ಯಾಪ್ತಿಯಲ್ಲಿ ಇಂಥ ಮಳಿಗೆಗೆ ನಿರಾಕ್ಷೇಪಣಾ ಪತ್ರ ಕೋರಿ ಅರ್ಜಿ ಬಂದಾಗ, ಗುಣಮಟ್ಟದ ಪರೀಕ್ಷಾ ವರದಿ ಹಾಗೂ ಸಕ್ಷಮ ಪ್ರಾಧಿಕಾರದ ಅನುಮತಿಯ ಪ್ರತಿಯನ್ನು ಕಡತದಲ್ಲಿ ಇರಿಸಿಕೊಂಡೇ ವಿಷಯವನ್ನು ಸಭೆಯ ಮುಂದಿಡುವುದು ಸೂಕ್ತ. ಪಂಚಾಯಿತಿಯ ಕಸ ಸಾಗಣೆ ವಾಹನ, ನೀರಿನ ಟ್ಯಾಂಕರ್ ಮತ್ತು ಜನರೇಟರ್‌ಗಳಿಗೆ ಇಂಧನ ಖರೀದಿಸುವಾಗಲೂ ಬಿಲ್ಲಿನಲ್ಲಿ ಮಿಶ್ರಣದ ಪ್ರಮಾಣವನ್ನೂ, ದಾಸ್ತಾನಿನ ಡ್ರಮ್ಮಿನ ಮೇಲೆ ತುಂಬಿದ ದಿನಾಂಕವನ್ನೂ ಬರೆಯಿಸತಕ್ಕದ್ದು.